ಆರ್ಲಿಸಳ ಕುಲುಮೆಗೆ ಎರಡು ಬರ್ನರು

ನೆಬ್ರಾಸ್ಕಾ
ಅಕ್ಟೋಬರ್ 5, 2003

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಇಕ್ಕಟ್ಟಾಗಿ ಕೂತಿರುವ ಗಣ್ಯರೇ, ಭಾಷಣ ಮುಗಿದು ಕಾಫಿ ಬರಲೆಂದು ಬಾಗಿಲನ್ನೇ ನೋಡುತ್ತಿರುವ ಕಮ್ಮಾರ ಬಾಂಧವರೇ, ಮತ್ತು ಕೊನೆಯ ಸಾಲಿನಲ್ಲಿ ಕೈಕಟ್ಟಿಕೊಂಡು, ಮುಖ ಗಂಟಿಕ್ಕಿ, ಒಬ್ಬಳೇ ಕೂತಿರುವ ಮಹಾಜನತೆಯೇ,

ಈ ಸಭೆಯ ಮುಂದೆ ಇಂದು ಒಂದು ಐತಿಹಾಸಿಕ ದಾಖಲೆಯನ್ನು ಇಡುತ್ತಿದ್ದೇನೆ. ಅಜ್ಜನ ಮಣ್ಣು ಮುಗಿದ ಮಧ್ಯಾಹ್ನ ನನ್ನೊಡನೆ ಮಾತು ಬಿಟ್ಟ ನನ್ನ ಏಕೈಕ ತಂಗಿ ಆರು ವರ್ಷಗಳ ಮೇಲೆ ಒಂದು ಕಾರ್ಡು ಬರೆದಿದ್ದಾಳೆ. ಕ್ಷೇಮಸಮಾಚಾರ ಇಲ್ಲ, ಮಳೆಬೆಳೆ ಇಲ್ಲ. ‘ಅಣ್ಣ, ಗ್ಯಾಸಿನ ಕುಲುಮೆ ಕಟ್ಟಬೇಕು. ಬರ್ನರು ಎಷ್ಟು ದೊಡ್ಡದಿರಬೇಕು? ಆರ್ಲಿಸ್.’ ಇಷ್ಟೇ. ಚಪ್ಪಾಳೆ.

ಫೋನು ಮಾಡದೆ ಬರೆದದ್ದು ಒಳ್ಳೆಯದಾಯಿತು. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಹವಾಮಾನ ಮುಗಿಯುವಷ್ಟರಲ್ಲಿ ಅಜ್ಜ ಕಾದ ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲು ಬಂದು ನಡುವೆ ಕೂರುತ್ತದೆ. ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಅಜ್ಜನ ಪಕ್ಕ ನಿಂತು ಸುತ್ತಿಗೆ ಹೊಡೆದವನು ನಾನು. ಅಜ್ಜ ತನ್ನ ಅಡಿಗಲ್ಲನ್ನು ಬಿಟ್ಟುಹೋದದ್ದು ನಿನಗೆ. ‘ತಗೊಂಡ್ ಹೋಗಿ ಅದರ ಮೇಲೆ ಹೂಕುಂಡ ಇಟ್ಕೊ’ ಎಂದು ನಾನು ಸಾವಿನ ಊಟದಲ್ಲಿ ಎಲ್ಲರ ಮುಂದೆ ಅಂದೆ. ನೀನು ಅದನ್ನು ಮಿನೆಸೋಟಾಕ್ಕೆ ಹೊತ್ತುಕೊಂಡು ಹೋಗಿ, ನಿಜವಾಗಿಯೂ ಹೂಕುಂಡ ಇಟ್ಟು, ಫೋಟೋ ತೆಗೆದು, ಕ್ರಿಸ್‌ಮಸ್ ಶುಭಾಶಯವೆಂದು ಕಳಿಸಿದೆ. ನನ್ನವಳು ಡಾರ್ಲೀನ್ ಅದನ್ನು ಇವತ್ತಿಗೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಹಾಲು ತೆಗೆಯುವಾಗಲೆಲ್ಲ ನನಗೆ ದರ್ಶನ.

ಈಗ ಪಾಠ. ನಮ್ಮ ಸುತ್ತಿಗೆ ಸಂಘದಲ್ಲಿ ಬರ್ನರಿನ ಪಾಠ ಹೇಳುವವನು ನಾನೇ. ಹೊಸಬರಿಗೆ ನೆನಪಿರಲೆಂದು ಪದ್ಯ ಕಟ್ಟಿದ್ದೇನೆ.

ನಾಜಲ್ಲಿನ ಸಣ್ಣ ತೂತಿನಿಂದ ಪ್ರೊಪೇನು ಚಿಮ್ಮುವಾಗ ಅಕ್ಕಪಕ್ಕದ ಗಾಳಿಯನ್ನೂ ಕೈಹಿಡಿದು ಎಳೆದುಕೊಂಡು ಹೋಗುತ್ತದೆ. ಪೈಪಿನಲ್ಲಿ ಎರಡೂ ಬೆರೆತು ತುದಿಯಲ್ಲಿ ಉರಿಯುತ್ತವೆ. ತಿದಿ ಬೇಡ, ಪಂಖ ಬೇಡ. ಆದರೆ ಬೆರೆಯಲು ಪೈಪಿಗೆ ಉದ್ದ ಬೇಕು, ಬಾಯಿಯ ಅಗಲದ ಒಂಬತ್ತರಷ್ಟು:

ಬಾಯಿ ಒಂದಾದರೆ ಮೈ ಒಂಬತ್ತು,
ಮೊಟಕು ಮಾಡಿದರೆ ನಿನಗೇ ಕುತ್ತು.

ಇನ್ನು ನಿನ್ನ ಪ್ರಶ್ನೆ. ಮುಕ್ಕಾಲಿಂಚು ಪೈಪಿನ ಒಂದು ಬರ್ನರು ಸುಮಾರು ಮುನ್ನೂರೈವತ್ತು ಘನ ಇಂಚಿನ ಹೊಟ್ಟೆಯನ್ನು ಸಾಕುತ್ತದೆ. ಹೊಟ್ಟೆಯೆಂದರೆ ಬೆಂಕಿ ಕೂರುವ ಜಾಗ ಮಾತ್ರ. ಹೊರಗಿನ ತಗಡೂ ಶಾಖ ತಡೆಯಲು ಒಳಗೆ ಹಾಸುವ ಬೆಂಕಿಕಂಬಳಿಯೂ ಲೆಕ್ಕಕ್ಕಿಲ್ಲ.

ಒಳಗಿನ ಹೊಟ್ಟೆಯ ಅಳೆಯಯ್ಯ,
ಹೊರಗಿನ ಕೋಟನು ಕಳೆಯಯ್ಯ.

ಅಳತೆ ಕಳಿಸು. ಬರ್ನರು ನಾನೇ ಮಾಡಿ ಕಳಿಸುತ್ತೇನೆ. ನೀನು ಸತುವಿನ ಲೇಪದ ಪೈಪು ತಂದು, ಅದರ ಹೊಗೆ ಕುಡಿದು, ಜ್ವರ ಬಂದು ಮಲಗಿದರೆ ಆ ಅಪವಾದವೂ ನನಗೇ.

ನಿನ್ನ ಅಣ್ಣ, ಸುತ್ತಿಗೆ ಸಂಘದ ಆಸ್ಥಾನಕವಿ,
ಎಲ್ಡನ್ ವಾವ್ರಾ


ಮಿನೆಸೋಟಾ
ಅಕ್ಟೋಬರ್ 19, 2003

ಅಣ್ಣ,

ನಿನ್ನ ಭಾಷಣ ತಲುಪಿತು. ಕೊನೆಯ ಸಾಲಿನ ಮಹಾಜನತೆ ನಡುವೆ ಎದ್ದುಹೋಗದೆ ಪೂರ್ತಿ ಕೇಳಿತು.

ಹೂಕುಂಡ ತೆಗೆದಿದ್ದೇನೆ. ಶಾಲೆಯ ಅಡುಗೆಮನೆ ಕೆಲಸ ಬಿಟ್ಟ ಮೇಲೆ ಕೈಗೆ ಏನಾದರೂ ಬೇಕಿತ್ತು. ನನ್ನವನು ನಾರ್ಮನ್ ಇದ್ದಾಗ ಅವನಿಗೆ ಬಡಿಸುವುದಾದರೂ ಇತ್ತು. ಈಗ ಅದೂ ಇಲ್ಲ. ಬೇಸಿಗೆಯಲ್ಲಿ ಪಕ್ಕದೂರಿನಲ್ಲಿ ಕಮ್ಮಾರಿಕೆಯ ತರಗತಿಗೆ ಹೋದೆ. ಮೊದಲ ದಿನ ಮಾಡಿದ ಮೊಳೆ ಮೊಳೆಯ ಹಾಗಿರಲಿಲ್ಲ, ಮೂಲಂಗಿಯ ಹಾಗಿತ್ತು. ಎರಡನೇ ದಿನ ಮೊಳೆಯ ಹಾಗೇ ಇತ್ತು. ಆ ಮೊಳೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿ ಎರಡು ಕೋಟಿನ ಜೇಬು ಹರಿದಿವೆ.

ಇಲ್ಲಿಯ ಲೂಥರನ್ ಚರ್ಚಿನ ಪಡಸಾಲೆಗೆ ಕೋಟು ನೇತುಹಾಕುವ ಕೊಕ್ಕೆಗಳು ಬೇಕಂತೆ. ಪಕ್ಕದ ಮನೆಯ ಬೋರ್ಗಿಲ್ಡ್ ಮಹಿಳಾ ಸಂಘದ ಮುಖ್ಯಸ್ಥೆ. ‘ಅಂಗಡೀಲಿ ತಂದ್ರೆ ಒಂದೇ ಚಳಿಗಾಲಕ್ಕೆ ಬಗ್ಗಿ ಹೋಗ್ತವೆ ಕಣೇ. ನಮ್ಮ ಗಂಡಸರ ಕೋಟು ಅಂದ್ರೆ ಕೋಟಲ್ಲ, ಒದ್ದೆ ಕರಡಿ. ನೀನೇ ಮಾಡ್ಕೊಡು’ ಅಂದಳು. ನಾನು ಕ್ಯಾಥೊಲಿಕ್ಕರ ಮನೆಯಿಂದ ಬಂದವಳು. ಇಷ್ಟು ವರ್ಷಗಳಲ್ಲಿ ಈ ಚರ್ಚು ನನ್ನಿಂದ ಸಾರಿಗಿಂತ ಗಟ್ಟಿಯಾದದ್ದೇನನ್ನೂ ಕೇಳಿರಲಿಲ್ಲ. ಒಪ್ಪಿಕೊಂಡೆ.

ಅಳತೆ: ಫ್ರಿಜ್ಜಿಗೆ ಗ್ಯಾಸು ತುಂಬುವವನ ಹತ್ತಿರ ಖಾಲಿ ಸಿಲಿಂಡರು ತಂದು ಎರಡೂ ಕಡೆ ಕೊಯ್ಸಿದ್ದೇನೆ. ಅಡ್ಡ ಒಂಬತ್ತು ಇಂಚು, ಉದ್ದ ಹನ್ನೊಂದು. ಇದು ಬರೀ ತಗಡಿನದು. ಬೆಂಕಿಕಂಬಳಿ ಇನ್ನೂ ಬಂದಿಲ್ಲ. ಬಂದ ಮೇಲೆ ಸುತ್ತಲೂ ಎರಡಿಂಚು ಹಾಸುತ್ತೇನೆ. ಕೋಟು ಕಳೆಯುವ ಲೆಕ್ಕ ನಿನಗೆ ಬಿಟ್ಟದ್ದು, ಕವಿಗಳೇ.

ಅಜ್ಜ ಅದನ್ನು ನನಗೇಕೆ ಕೊಟ್ಟನೆಂದು ನನಗೂ ಗೊತ್ತಿಲ್ಲ. ಕೊಟ್ಟದ್ದಕ್ಕೆ ತಕ್ಕವಳೆನಿಸಿಕೊಳ್ಳಬೇಕೆಂಬ ಆಸೆ ಮಾತ್ರ ಈಗ ಬಂದಿದೆ. ನಗಬೇಡ.

ಆರ್ಲಿಸ್


ನೆಬ್ರಾಸ್ಕಾ
ನವೆಂಬರ್ 9, 2003

ತಂಗಿ,

ನಕ್ಕಿಲ್ಲ. ಡಾರ್ಲೀನ್ ಸಾಕ್ಷಿ.

ನಿನ್ನ ಪತ್ರ ಬಂದಾಗ ಸಂಘದ ವಾರ್ಷಿಕ ಕೂಟದ ಗದ್ದಲ. ಮರ್ಲಿನ್ ಕೋಪೆಕಿಯ ಕೊಟ್ಟಿಗೆಯಲ್ಲಿ ಮಂಡಲದ ಎಲ್ಲ ಕಮ್ಮಾರರೂ ನೆರೆದಿದ್ದರು. ಒಂದು ಕೈಯಲ್ಲಿ ಗಸಗಸೆ ತುಂಬಿದ ಕೋಲಾಚಿ ಬನ್ನು, ಇನ್ನೊಂದು ಕೈಯಲ್ಲಿ ನಿನ್ನ ಪತ್ರ, ನಿಂತುಕೊಂಡೇ ಓದಿದೆ. ‘ಏನಯ್ಯಾ, ಪ್ರೇಮಪತ್ರಾನಾ?’ ಎಂದ ಮರ್ಲಿನ್. ‘ನನ್ನ ತಂಗಿ ಕುಲುಮೆ ಕಟ್ತಾಳಂತೆ’ ಎಂದೆ. ‘ಬರ್ನರ್ ಮಾತ್ರ ಕಳಿಸು, ಪದ್ಯ ಕಳಿಸ್ಬೇಡ. ಪಾಪ, ಮೊದಲೇ ಚಳಿ ದೇಶ’ ಎಂದ. ಎಲ್ಲರೂ ನಕ್ಕರು. ಅಲ್ಲೇ ಹಲಗೆಯ ಮೇಲೆ ಸೀಮೆಸುಣ್ಣದಿಂದ, ಎಲ್ಲರ ಮುಂದೆ, ಎರಡು ಗುಣಿಸುವಿಕೆಯಲ್ಲಿ ಲೆಕ್ಕ ಮುಗಿಸಿಬಿಟ್ಟೆ: ಒಂಬತ್ತರ ಅಡ್ಡ, ಹನ್ನೊಂದರ ಉದ್ದ, ಏಳುನೂರು ಘನ ಇಂಚು. ಮುನ್ನೂರೈವತ್ತಕ್ಕೆ ಒಂದರಂತೆ ಎರಡು ಬರ್ನರು. ಒಂದು ಕೂದಲು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ‘ಲೆಕ್ಕ ಅಂದ್ರೆ ಎಲ್ಡನ್ನೇ’ ಎಂದು ಮರ್ಲಿನ್ ಬೆನ್ನು ತಟ್ಟಿದ; ಕೋಲಾಚಿ ಕೆಳಗೆ ಬಿತ್ತು.

ಈ ಪೆಟ್ಟಿಗೆಯಲ್ಲಿ ಎರಡೂ ಇವೆ. ಕಪ್ಪು ಪೈಪು, ಹಿತ್ತಾಳೆಯ ನಾಜಲ್ಲು, ತುದಿಯಲ್ಲಿ ಕಹಳೆಯಂತೆ ಅರಳಿಸಿದ ಉಕ್ಕಿನ ಬಾಯಿ. ನನ್ನ ಕುಲುಮೆಗೆ ಸಿಕ್ಕಿಸಿ ಪರೀಕ್ಷಿಸಿದ್ದೇನೆ. ಕೃಷ್ಣಪಕ್ಷದ ಆಕಾಶದಂಥ ಕಡುನೀಲಿ. ಎರಡಕ್ಕೂ ಸೇರಿಸಿ ಗ್ಯಾಸಿಗೆ ಒಂದೇ ತಿರುಪು ಇಟ್ಟಿದ್ದೇನೆ. ಅವು ಜೋಡೆತ್ತು, ಒಂದನ್ನು ಬಿಚ್ಚಿ ಒಂದನ್ನು ಹೂಡಬೇಡ.

ಹಚ್ಚಿದಾಗ ಕಿಟಕಿ ಒಂದು ಗೇಣು ತೆರೆದಿರಲಿ. ಕಂಬಳಿಯ ಎಳೆ ಶ್ವಾಸಕ್ಕೆ ಹೋಗದ ಹಾಗೆ ಮೇಲೆ ಗಾರೆ ಬಳಿ.

ಕೊಕ್ಕೆಯ ಕೆಲಸ ಸಕ್ಕರೆಯಲ್ಲ,
ಉಕ್ಕಿಗೆ ಅಕ್ಕರೆ ತಿಳಿಯೋದಿಲ್ಲ.

ಮೊದಲ ಕೊಕ್ಕೆ ನನಗೆ. ಅದರ ಮೇಲೆ ನನ್ನ ಟೋಪಿ.

ನಿನ್ನ ಅಣ್ಣ, ಲೆಕ್ಕಾಚಾರ್ಯ,
ಎಲ್ಡನ್


ಮಿನೆಸೋಟಾ
ಡಿಸೆಂಬರ್ 14, 2003

ಅಣ್ಣ,

ಬರ್ನರುಗಳು ಎಷ್ಟು ಚಂದವಾಗಿವೆಯೆಂದರೆ ಮೊದಲ ವಾರ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಊಟ ಮಾಡಿದೆ. ಬೋರ್ಗಿಲ್ಡ್ ನೋಡಿ, ‘ಇದೇನೇ, ನಿನ್ನಣ್ಣ ತುತ್ತೂರಿ ಕಳ್ಸಿದಾನೆ?’ ಅಂದಳು.

ಹಚ್ಚಿದೆ. ಈಗ ನಿಜ ಹೇಳುತ್ತೇನೆ, ಬೈಯಬೇಡ. ನೀನು ಹೇಳಿದ ನೀಲಿ ನನಗೆ ಸಿಗಲಿಲ್ಲ. ಬೆಂಕಿ ಒಳಗೆ ಕೂರುವುದೇ ಇಲ್ಲ. ಕುಲುಮೆಯ ಬಾಯಿಂದ ಹೊರಬಂದು ನನ್ನ ಸ್ಟೂಲಿನವರೆಗೆ ಹಳದಿ ನಾಲಿಗೆ ಚಾಚುತ್ತದೆ. ಗ್ಯಾಸು ಕಡಿಮೆ ಮಾಡಿದರೆ ಪೈಪಿನೊಳಗೇ ಢಬ್ ಎಂದು ಕೆಮ್ಮುತ್ತದೆ. ಕಬ್ಬಿಣ ಕಿತ್ತಳೆ ಬಣ್ಣಕ್ಕೆ ಬಂದು ಅಲ್ಲೇ ಹಟ ಹಿಡಿದು ಕೂರುತ್ತದೆ. ಕಂಬಳಿ ಸರಿ ಹಾಸಿಲ್ಲವೇನೋ ಎಂದು ಕಿತ್ತು ಮತ್ತೆ ಹಾಸಿದೆ. ಗಾರೆ ಎರಡು ಸಲ ಬಳಿದೆ. ಹಾಗೇ ಇದೆ.

ಇಪ್ಪತ್ತರಲ್ಲಿ ಒಂದು ಕೊಕ್ಕೆ ಕೊಕ್ಕೆಯಂತಾಗಿದೆ. ಉಳಿದವುಗಳ ಮೇಲೆ ಕೋಟು ಹಾಕಿದರೆ ಕೋಟೇ ನಾಚಿಕೊಂಡು ಜಾರುತ್ತದೆ.

ಮತ್ತೊಂದು. ಕೆಲಸ ಮಾಡಿದ ದಿನವೆಲ್ಲ ತಲೆನೋವು. ಹಣೆಗೆ ಪಟ್ಟಿ ಬಿಗಿದ ಹಾಗೆ. ನಾನು ಹೆದರಿಕೊಂಡು ಉಸಿರು ಬಿಗಿಹಿಡಿಯುತ್ತೇನೇನೋ. ಕಿಟಕಿ ನೀನು ಹೇಳಿದಂತೆ ಒಂದು ಗೇಣು ತೆರೆದೇ ಇರುತ್ತದೆ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ನನ್ನ ಕೈಯಲ್ಲಿ ಏನು ತಪ್ಪಾಗುತ್ತಿದೆ, ಹೇಳು.

ಆರ್ಲಿಸ್


ನೆಬ್ರಾಸ್ಕಾ
ಡಿಸೆಂಬರ್ 28, 2003

ತಂಗಿ,

ಹೊಸ ವರ್ಷದ ಶುಭಾಶಯ.

ನೀಲಿ ಬಂದರೆ ನೆಂಟ,
ಹಳದಿ ಬಂದರೆ ತುಂಟ.

ಗಾಳಿ ಸಾಲದಿದ್ದರೆ ಬೆಂಕಿ ಹಳದಿಯಾಗಿ, ಗಾಳಿ ಹುಡುಕಿಕೊಂಡು ಹೊರಗೆ ಓಡುತ್ತದೆ. ಗಾಳಿ ಯಾಕೆ ಸಾಲದು? ನನ್ನ ಬರ್ನರು ನನ್ನ ಕುಲುಮೆಯಲ್ಲಿ ಮದುಮಗನ ಹಾಗೆ ಉರಿದಿತ್ತು. ಆದ್ದರಿಂದ ತಪ್ಪು ಬರ್ನರಿನದಲ್ಲ. ಒಂದೋ ನಿನ್ನ ಕಂಬಳಿ ಜೋತುಬಿದ್ದು ಬರ್ನರಿನ ಬಾಯಿಗೆ ಅಡ್ಡ ಬಂದಿದೆ, ಇಲ್ಲವೇ ಗಾರೆ ಬಳಿಯುವಾಗ ನಾಜಲ್ಲಿಗೆ ಕಸ ಮೆತ್ತಿದ್ದೀ. ಹೊಸಬರು ಮಾಡುವ ತಪ್ಪೇ ಇದು, ಬೇಸರಪಡಬೇಡ. ಎಲ್ಲರ ಕೈಯೂ ಒಂದೇ ಥರ ಇರುವುದಿಲ್ಲ. ಅಜ್ಜನೂ ಹೇಳುತ್ತಿದ್ದನಲ್ಲ, ಕೆಲವರ ಕೈಗೆ ಬೆಂಕಿ ಒಲಿಯುತ್ತದೆ, ಕೆಲವರ ಕೈಗೆ ಹಿಟ್ಟು ಒಲಿಯುತ್ತದೆ ಎಂದು.

ತಲೆನೋವಿಗೆ ಮದ್ದು: ಲೂಥರನ್ ಹೆಂಗಸರ ಕಾಫಿ ಕಡಿಮೆ ಮಾಡು.

ನಿನ್ನ ಅಣ್ಣ, ಬೆಂಕಿವೈದ್ಯ,
ಎಲ್ಡನ್


ಮಿನೆಸೋಟಾ
ಜನವರಿ 18, 2004

ಅಣ್ಣ,

ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ.

ಕಳೆದ ಮಂಗಳವಾರ ಕುಲುಮೆಯ ಶೆಡ್ಡಿನಲ್ಲಿ ಬಿದ್ದೆ. ಬೋರ್ಗಿಲ್ಡ್ ಬೇಯಿಸಿದ ಆಲೂಗಡ್ಡೆ ತಂದವಳು ಬಾಗಿಲು ತಟ್ಟಿದ್ದಾಳೆ. ಉತ್ತರ ಬರಲಿಲ್ಲವೆಂದು ಒಳಗೆ ನುಗ್ಗಿದ್ದಾಳೆ. ನಾನು ಗೋಡೆಗೆ ಒರಗಿ ಕೂತು, ವಾಂತಿ ಮಾಡಿಕೊಂಡು, ಅವಳನ್ನು ಅಮ್ಮ ಎಂದು ಕರೆದೆನಂತೆ. ಕಂಕುಳಿಗೆ ಕೈಹಾಕಿ ಹಿಮದೊಳಕ್ಕೆ ಎಳೆದಳು. ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿದರು. ಅರೆಬೆಂದ ಬೆಂಕಿಯ ಹೊಗೆ, ವಾಸನೆ ಇಲ್ಲ, ಬಣ್ಣ ಇಲ್ಲ, ಕುಡಿದದ್ದೇ ತಿಳಿಯುವುದಿಲ್ಲವಂತೆ. ಡಾಕ್ಟರು ಚಿಕ್ಕ ಹುಡುಗಿ. ‘ಅಜ್ಜಿ, ನೀವು ಇನ್ನೊಂಚೂರು ಹೊತ್ತು ಅಲ್ಲೇ ಇದ್ದಿದ್ರೆ ಆಲೂಗಡ್ಡೆ ನಿಮ್ಮ ತಿಥಿಗೆ ಆಗ್ತಿತ್ತು’ ಅಂದಳು. ಸಾಯುವುದಕ್ಕಿಂತ ಅಜ್ಜಿ ಅನ್ನಿಸಿಕೊಂಡದ್ದು ಹೆಚ್ಚು ನೋವಾಯಿತು.

ಈಗ ಚೆನ್ನಾಗಿದ್ದೇನೆ. ಸ್ವಲ್ಪ ಮರೆವು, ಅಷ್ಟೆ.

ಆದರೆ ನಾಚಿಕೆಯಾಗುತ್ತಿದೆ ಅಣ್ಣ. ಬಲ್ಲವನು ಸರಿಯಾಗಿ ಮಾಡಿಕೊಟ್ಟ ವಸ್ತುವನ್ನು ನನ್ನ ಕೈ ಕೆಡಿಸಿತು. ಡಾಕ್ಟರು ‘ಯಾರು ಮಾಡಿದ್ದು ಇದನ್ನ?’ ಎಂದು ಕೇಳಿದಾಗ ‘ನಾನೇ’ ಎಂದೆ. ಚಳಿ ಇಳಿದ ಮೇಲೆ ಇನ್ನೊಂದು ಸಲ ಕಂಬಳಿ ಕಿತ್ತು ಹಾಸಿ ಹಚ್ಚಿ ನೋಡುತ್ತೇನೆ.

ಆರ್ಲಿಸ್


ನೆಬ್ರಾಸ್ಕಾ
ಜನವರಿ 25, 2004

ಆರ್ಲಿಸ್,

ನಿನ್ನೆ ಸಂಜೆ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುತ್ತಿದ್ದೇನೆ, ಕಾಗದದ ಮೇಲೂ ಇರಲಿ ಎಂದು. ಅದನ್ನು ಹಚ್ಚಬೇಡ. ಬಾಗಿಲು ತೆರೆದಿಟ್ಟೂ ಹಚ್ಚಬೇಡ, ಬೇಸಿಗೆಯಲ್ಲೂ ಹಚ್ಚಬೇಡ. ಗ್ಯಾಸಿನ ಸಿಲಿಂಡರನ್ನು ಬಿಚ್ಚಿ ಶೆಡ್ಡಿನ ಹೊರಗಿಡು.

ಯಾಕೆ, ಯಾಕೆ ಎಂದು ನೀನು ಮತ್ತೆ ಮತ್ತೆ ಕೇಳಿದೆ. ನೋಡಬೇಕು ಎಂದೆ. ಅದನ್ನೇ ಈಗಲೂ ಹೇಳುತ್ತೇನೆ.

ನಿನ್ನೆ ಸಂಘದಲ್ಲಿ ಬರ್ನರಿನ ಪಾಠವಿತ್ತು. ಹೊಸಬನೊಬ್ಬ ಫ್ರಿಜ್ಜಿನ ಗ್ಯಾಸಿನ ಸಿಲಿಂಡರು ತಂದಿದ್ದ, ನಿನ್ನದರಂಥದ್ದೇ. ಕಂಬಳಿ ಹಾಸಿಯೇ ತಂದಿದ್ದ. ಒಳಗೆ ಕೈಹಾಕಿ ಅಳೆದು ಹಲಗೆಯ ಮೇಲೆ ಬರೆಯುತ್ತಿದ್ದೆ. ನಡುವೆ ಸೀಮೆಸುಣ್ಣ ಕೆಳಗಿಟ್ಟೆ. ‘ಏನಾಯ್ತೋ, ಪ್ರಾಸ ಸಿಗ್ಲಿಲ್ವಾ?’ ಎಂದ ಮರ್ಲಿನ್. ಪಾಠ ಅಲ್ಲಿಗೇ ಬಿಟ್ಟು ಮನೆಗೆ ಬಂದು ನಿನಗೆ ಫೋನು ಮಾಡಿದೆ.

ಇವತ್ತು ಪದ್ಯ ಇಲ್ಲ. ಕಾಫಿಯ ಬಗ್ಗೆ ಬರೆದದ್ದನ್ನು ಮರೆತುಬಿಡು.

ಎಲ್ಡನ್


ಮಿನೆಸೋಟಾ
ಫೆಬ್ರವರಿ 22, 2004

ಅಣ್ಣ,

ನೀನು ಫೋನಿನಲ್ಲಿ ಅಷ್ಟು ಹೆದರಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆಮೇಲೆ ಒಂದು ತಿಂಗಳು ಕಾದೆ, ನೀನು ನೋಡಿ ಹೇಳುತ್ತೀಯೆಂದು. ಹೇಳಲಿಲ್ಲ. ಯಾಕೆಂದು ಅರ್ಥವಾಯಿತು. ‘ಇದು ನಿನ್ನಿಂದ ಆಗುವುದಲ್ಲ’ ಎಂದು ಬಾಯಿಬಿಟ್ಟು ಹೇಳಲು ನಿನಗೆ ಮನಸ್ಸು ಬರುತ್ತಿಲ್ಲ. ಹಳೆಯ ಎಲ್ಡನ್ ಆಗಿದ್ದರೆ ಊಟದ ಮೇಜಿನ ಮೇಲೆ ನಿಂತು ಹೇಳುತ್ತಿದ್ದ. ನೀನು ಒಳ್ಳೆಯವನಾಗಿದ್ದೀ.

ಕಳೆದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತೆ. ಕೊಕ್ಕೆ ನನ್ನಿಂದ ಆಗಲಿಲ್ಲ, ಒಳ್ಳೆಯ ಸಾಮಾನನ್ನು ಕೆಡಿಸಿಕೊಂಡೆ, ಕ್ಷಮಿಸಬೇಕು ಎಂದೆ. ಹೊರಗೆ ಬಂದಮೇಲೆ ಬೋರ್ಗಿಲ್ಡ್, ‘ಅಷ್ಟ್ ಜನದ ಮುಂದೆ ಹೇಳೋ ಅಂಥದ್ದೇನಿತ್ತೇ? ಕೋಟನ್ನ ಮಡಿಲಲ್ಲಿ ಇಟ್ಕೊಂಡ್ರೆ ಪ್ರಾಣ ಹೋಗುತ್ತಾ?’ ಎಂದು ಬೈದಳು. ಬೈಯುತ್ತಾ ನನ್ನ ಕೈ ಹಿಡಿದುಕೊಂಡಿದ್ದಳು. ಈಗ ಅಂಗಡಿಯ ಕೊಕ್ಕೆ ಹಾಕಿಸಿದ್ದಾರೆ.

ಇನ್ನೊಂದು ಮಾತು. ಅಡಿಗಲ್ಲನ್ನು ನೀನು ಒಯ್ಯಿ. ಸಿಟ್ಟಿನಿಂದ ಹೇಳುತ್ತಿಲ್ಲ. ಅಜ್ಜನಿಗೆ ಕೊನೆಗೊನೆಗೆ ಬುದ್ಧಿ ಸ್ವಲ್ಪ ಅತ್ತಿತ್ತಾಗಿತ್ತು, ಹೆಸರು ತಪ್ಪಿ ಹೇಳಿರಬೇಕು. ನಾನು ಅದರ ಮೇಲೆ ಮತ್ತೆ ಹೂಕುಂಡ ಇಡಲಾರೆ. ಅದು ನಿನ್ನದೇ ಆಗಿತ್ತು. ಆರು ವರ್ಷ ನಾನು ಹಟಕ್ಕೆ ಇಟ್ಟುಕೊಂಡೆ.

ಆರ್ಲಿಸ್


ನೆಬ್ರಾಸ್ಕಾ
ಮಾರ್ಚ್ 21, 2004

ಆರ್ಲಿಸ್,

ನಿನ್ನ ಪತ್ರಕ್ಕೆ ಏನು ಬರೆಯಬೇಕೆಂದು ತಿಳಿಯದೆ ತಡವಾಯಿತು. ಇದಕ್ಕೆ ಮುಂಚೆ ಎರಡು ಬರೆದು ಹರಿದೆ. ಅವು ಇದಕ್ಕಿಂತ ಉದ್ದವಾಗಿದ್ದವು.

ಅಡಿಗಲ್ಲಿನ ವಿಷಯ ನೀನು ಚೆನ್ನಾಗಿ ಯೋಚಿಸಿಯೇ ಬರೆದಿರಬೇಕು. ನಿನ್ನ ಮನಸ್ಸು ಹಾಗೇ ಇದೆಯೆಂದಾದರೆ ನಾನು ಬೇಡವೆನ್ನುವುದು ಸರಿಯಾಗಲಾರದು. ರಸ್ತೆಯ ಹಿಮ ಕರಗಿದ ಮೇಲೆ, ಏಪ್ರಿಲಿನಲ್ಲಿ, ಟ್ರಕ್ಕು ತರುತ್ತೇನೆ.

ಆರೋಗ್ಯ ನೋಡಿಕೋ.

ಎಲ್ಡನ್


ಮಿನೆಸೋಟಾ
ಏಪ್ರಿಲ್ 25, 2004

ಅಣ್ಣ,

ನೀನು ಸುಖವಾಗಿ ಊರು ಮುಟ್ಟಿದೆಯೆಂದು ಡಾರ್ಲೀನ್ ಫೋನು ಮಾಡಿದ್ದಳು. ನೀನು ಸ್ನಾನಕ್ಕೆ ಹೋಗಿದ್ದೀ ಎಂದಳು. ಒಳ್ಳೆಯ ಉದ್ದದ ಸ್ನಾನ. ಮಾರನೆಯ ದಿನ ನಾನು ಫೋನು ಮಾಡಿದಾಗಲೂ ನೀನು ಅದರಲ್ಲೇ ಇದ್ದೆ.

ಒಂದು ರಾತ್ರಿಯಾದರೂ ಇರುತ್ತೀಯೆಂದು ಹಾಸಿಗೆ ಹಾಕಿದ್ದೆ. ಹಂದಿಮಾಂಸ, ಹುಳಿಕೋಸು, ಅಮ್ಮ ಮಾಡುತ್ತಿದ್ದ ಹಿಟ್ಟಿನ ಉಂಡೆ, ಎಲ್ಲ ಮಾಡಿದ್ದೆ. ನೀನು ನಿಂತುಕೊಂಡು ಕಾಫಿ ಕುಡಿದೆ. ಬೋರ್ಗಿಲ್ಡ್ ಆಮೇಲೆ ಹೇಳಿದಳು: ‘ನಿನ್ನಣ್ಣ ಒಳ್ಳೆಯವನೇ ಕಣೇ. ಆದ್ರೆ ಹಲ್ಲುನೋವು ಇರೋನ ಥರ ಇದ್ದ. ಕುಲುಮೆ ಹಚ್ಚಬೇಡ ಅಂತ ನಿನ್ನ ತಡೆದಿದ್ದಕ್ಕೆ ನಾನು ಥ್ಯಾಂಕ್ಸ್ ಹೇಳಿದ್ರೆ ಬೂಟಿನ ದಾರ ಕಟ್ಕೊಳೋಕ್ ಹೋದ. ಅದು ದಾರ ಇಲ್ಲದ ಬೂಟು.’

ಹೋಗುವ ಮುಂಚೆ ನೀನು ಶೆಡ್ಡಿಗೆ ಒಬ್ಬನೇ ಹೋಗಿ ಆ ಎರಡು ಬರ್ನರುಗಳನ್ನೂ ಬಿಚ್ಚಿಕೊಂಡು ಬಂದೆ. ‘ಇವು ಇಲ್ಲಿರೋದು ಬೇಡ’ ಅಂದೆ. ಆದರೆ ಅಣ್ಣ, ನಾನು ಮತ್ತೆ ಮುಟ್ಟಿ ಕೆಡಿಸುತ್ತೇನೆಂಬ ಭಯವಿದ್ದರೆ ಕೇಳಿದರೆ ಸಾಕಿತ್ತು, ಕೊಡುತ್ತಿದ್ದೆ. ಅವುಗಳನ್ನು ನೀನು ಗೋಣಿಯಲ್ಲಿ ಸುತ್ತಿ, ಸೀಟಿನ ಕೆಳಗೆ ತುರುಕಿದ್ದನ್ನು ಕಿಟಕಿಯಿಂದ ನೋಡಿದೆ. ಅಷ್ಟು ಬೇಗ, ಅಷ್ಟು ಗುಟ್ಟಾಗಿ. ಅವತ್ತಿನಿಂದ ಕೈಗಳನ್ನು ಏಪ್ರನ್ನಿನ ಕೆಳಗೆ ಇಟ್ಟುಕೊಳ್ಳುವ ಅಭ್ಯಾಸವಾಗಿದೆ.

ತರಗತಿಯ ಮೇಷ್ಟ್ರು ಬೇಸಿಗೆಗೆ ಮತ್ತೆ ಕರೆದರು. ಬರುವುದಿಲ್ಲ ಎಂದೆ. ಇಕ್ಕಳ, ಸುತ್ತಿಗೆಗಳನ್ನೂ ಅವರಿಗೇ ಕೊಟ್ಟುಬಿಟ್ಟೆ.

ಅಡಿಗಲ್ಲು ಅಲ್ಲಿ ಹೇಗಿದೆ? ಅದರ ಮೇಲೆ ಏನು ಮಾಡಿದೆ? ಬರೆ. ಅದು ಸರಿಯಾದ ಕೈ ಸೇರಿತೆಂದು ತಿಳಿದರೆ ನನಗೆ ಸಮಾಧಾನ.

ಆರ್ಲಿಸ್


ನೆಬ್ರಾಸ್ಕಾ
ಮೇ 30, 2004

ಸನ್ಮಾನ್ಯ ಅಧ್ಯಕ್ಷರೇ, ಗಣ್ಯರೇ, ಕಮ್ಮಾರ ಬಾಂಧವರೇ,

ಈ ಸಭೆಗೆ ವರದಿ ಒಪ್ಪಿಸಲು ಅಪ್ಪಣೆಯಾಗಬೇಕು. ವಾವ್ರಾ ಮನೆತನದ ಅಡಿಗಲ್ಲು ನೆಬ್ರಾಸ್ಕಾಕ್ಕೆ ಮರಳಿದ ಶುಭಸಂದರ್ಭದಲ್ಲಿ ಸುತ್ತಿಗೆ ಸಂಘದ ಸದಸ್ಯರೆಲ್ಲರೂ ನನ್ನ ಕೊಟ್ಟಿಗೆಗೆ ದಯಮಾಡಿಸಿದ್ದರು. ಡಾರ್ಲೀನ್ ಏಪ್ರಿಕಾಟಿನ ಕೋಲಾಚಿ ಮಾಡಿದ್ದಳು. ಮರ್ಲಿನ್ ಅಡಿಗಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ‘ಆಹಾ! ನಿನ್ನ ಪದ್ಯಕ್ಕಿಂತ ಇದರ ನಾದ ಮೇಲು ಕಣಯ್ಯ’ ಎಂದು ತೀರ್ಪಿತ್ತನು. ಸಭೆ ಕರತಾಡನ ಮಾಡಿತು. ಆ ಸಂದರ್ಭಕ್ಕೆಂದು ಕವಿ ಒಂದು ದ್ವಿಪದಿಯನ್ನು ಸಿದ್ಧಮಾಡಿಕೊಂಡಿದ್ದನು:

ಅಜ್ಜನ ಕಲ್ಲು ಅಂಗಳಕೆ ಬಂತು,

ಎರಡನೆಯ ಸಾಲಿಗೆ ‘ನಿಂತು’, ‘ಕಂತು’, ‘ಎಂತು’ ಎಲ್ಲವೂ ಸಾಲುಗಟ್ಟಿ ಕಾದಿದ್ದವು. ಒಂದನ್ನೂ ಕರೆಯಲಾಗಲಿಲ್ಲ. ‘ಪದ್ಯ ಹೋಗ್ಲಿ, ಇದರ ಮೇಲೆ ಒಂದು ಕೊಕ್ಕೆನಾದ್ರೂ ಬಡಿದು ತೋರ್ಸಯ್ಯ’ ಎಂದ ಮರ್ಲಿನ್. ಕುಲುಮೆ ಹಚ್ಚಿದೆ. ಸರಳನ್ನು ಕಾಯಿಸಿದೆ. ಹಳದಿಗೆ ಬಂತು, ಅಡಿಗಲ್ಲಿನ ಮೇಲಿಟ್ಟೆ, ಸುತ್ತಿಗೆ ಎತ್ತಿದೆ, ಹಾಗೇ ನಿಂತೆ. ಸರಳು ಕೆಂಪಾಯಿತು, ಕಪ್ಪಾಯಿತು. ‘ಭುಜ ಹಿಡ್ಕೊಂಡಿದೆ’ ಎಂದೆ. ‘ವಯಸ್ಸಾಯ್ತು ಬಿಡು’ ಎಂದು ಎಲ್ಲರೂ ನಕ್ಕು ಕೋಲಾಚಿಗೆ ಹೋದರು. ಡಾರ್ಲೀನ್ ಮಾತ್ರ ಹೋಗಲಿಲ್ಲ. ‘ಬಂದು ಒಂದು ತಿಂಗಳಾಯ್ತು, ಒಂದು ದಿನಾನೂ ಅದರ ಮೇಲೆ ಕೆಲಸ ಮಾಡಿಲ್ಲ ನೀವು. ಅಷ್ಟು ಆಸೆಪಟ್ಟು ತಂದಿದ್ದಲ್ವಾ? ಏನಾಗಿದೆ ನಿಮಗೆ?’ ಎಂದು ಕೇಳಿದಳು. ಭುಜ ಎಂದೆ.

ಆದ್ದರಿಂದ ಮಾನ್ಯ ಸಭಾಸದರೇ, ಮತ್ತು ಕೊನೆಯ ಸಾಲಿನ

ಆರ್ಲಿಸ್, ಸಭೆ ಗಿಭೆ ಏನೂ ಇಲ್ಲ.

ನಿನ್ನ ಕೈ ಸರಿಯಿತ್ತು. ಕಂಬಳಿ ಸರಿಯಿತ್ತು, ಗಾರೆ ಸರಿಯಿತ್ತು. ಅದು ಬರೀ ತಗಡಿನ ಅಳತೆ ಎಂದು ನೀನು ಬರೆದಿದ್ದೆ. ನಾನು ಹತ್ತು ಜನರ ಮುಂದೆ ಜಾಣನಾಗುವ ಅವಸರದಲ್ಲಿ ಕಂಬಳಿಯ ದಪ್ಪ ಕಳೆಯಲಿಲ್ಲ. ನಿನ್ನ ಕುಲುಮೆಯ ಹೊಟ್ಟೆ ಇನ್ನೂರ ಚಿಲ್ಲರೆ ಇಂಚು. ಒಂದು ಬರ್ನರೇ ಅದಕ್ಕೆ ಹೆಚ್ಚು. ಎರಡು ತುರುಕಿದೆ. ಹೊಗೆಗೆ ಹೊರಹೋಗಲು ದಾರಿ ಸಾಲದೆ ಅದು ಗಾಳಿಯನ್ನು ಹಿಂದಕ್ಕೆ ತಳ್ಳಿತು, ಬೆಂಕಿ ಅರೆಬೆಂದಿತು, ಅದನ್ನು ನೀನು ಕುಡಿದೆ. ಒಂದನ್ನು ಬಿಚ್ಚಿ ತೂತು ಮುಚ್ಚಿದ್ದರೆ ಚರ್ಚಿನ ಕೊಕ್ಕೆಗಳೆಲ್ಲ ಕ್ರಿಸ್‌ಮಸ್ಸಿನೊಳಗೆ ಆಗುತ್ತಿದ್ದವು. ಬರ್ನರುಗಳನ್ನು ಬಿಚ್ಚಿ ತಂದದ್ದು ಬೇರೆ ಯಾರಾದರೂ ಬಲ್ಲವರು ಅವನ್ನು ಎಣಿಸಿಯಾರೆಂಬ ಭಯಕ್ಕೆ.

ಜನವರಿಯಲ್ಲಿ ಹಲಗೆಯ ಮುಂದೆ ನಿಂತಾಗಲೇ ನನಗೆ ಇದು ಗೊತ್ತಾಯಿತು. ಫೋನು ಮಾಡಿದಾಗ ಗೊತ್ತಿತ್ತು. ನೀನು ಚರ್ಚಿನಲ್ಲಿ ಎದ್ದು ನಿಂತ ಸುದ್ದಿ ಓದಿದಾಗ ಗೊತ್ತಿತ್ತು. ಮೊದಲು ನಾಚಿಕೆಗೆ ಸುಮ್ಮನಿದ್ದೆ. ಆಮೇಲೆ ನೀನು ಅಡಿಗಲ್ಲು ಒಯ್ಯಿ ಎಂದು ಬರೆದೆ. ಆಮೇಲೆ ಸುಮ್ಮನಿದ್ದದ್ದು ನಾಚಿಕೆಗಲ್ಲ. ನನಗೆ ಅದು ಬೇಕಿತ್ತು.

ಎಲ್ಡನ್